ಹಾಡೋಕೆ ಮುಂಚೆ ಪೆನ್ಸಿಲ್

ಶನಿವಾರ ಕಾಯರ್ (ಗುಂಪು ಗಾಯನ) ಪ್ರಾಕ್ಟೀಸ್. ಈ ಸಲ ಮೊಜಾರ್ಟ್‌ನ 'ಆವೆ ವೇರುಮ್ ಕೋರ್ಪುಸ್' ಅನ್ನೋ ಲ್ಯಾಟಿನ್ ಭಕ್ತಿಗೀತೆ. 1791ರಲ್ಲಿ, ತೀರಿಕೊಂಡ ವರ್ಷವೇ ಬರೆದದ್ದು. ಒಟ್ಟು 46 ಬಾರ್ (ನಮ್ಮ ತಾಳದ ಆವರ್ತದ ಹಾಗೆ). ಸ್ವರ ಬರೆದ ಹಾಳೆ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ.

ಇಂದಿರಾನಗರದಲ್ಲಿ ಮೆಟ್ರೋ ಹತ್ತಿ ಪೆನ್ಸಿಲ್ ಹಿಡಿದು ಕೂತೆ (ಸೀಟು ಸಿಕ್ಕಿದ್ದೇ ಪುಣ್ಯ). ಶುರುವಿನಲ್ಲೇ 'ಸೊಟ್ಟೊ ವೋಚೆ' ಅಂತಿದೆ. ದನಿ ತಗ್ಗಿಸಿ ಹಾಡಿ ಅಂತ. ಆಮೇಲೆ ಎಲ್ಲಿ ಜೋರು, ಎಲ್ಲಿ ಮೆಲ್ಲಗೆ ಅಂತ ಆತ ಏನೂ ಬರೆದಿಲ್ಲ. ಏರಿಳಿತವನ್ನು ಸ್ವರಗಳಲ್ಲೇ ಹುಡುಕಬೇಕು.

ಡಿ ಸ್ವರವೇ ಆಧಾರವಾದ ಡಿ ಮೇಜರ್‌ನಲ್ಲಿ ಶುರುವಾಗಿ ಎ ಮೇಜರ್‌ಗೆ ಹೋಗುತ್ತದೆ, ಅದು ಮಾಮೂಲಿ. ಆದರೆ ಯೇಸುವಿನ ಇರಿದ ಪಕ್ಕೆಯ ಮಾತು ಬರುವ ಕಡೆ, ಸದ್ದಿಲ್ಲದೆ ಎಫ್ ಮೇಜರ್‌ಗೆ ಜಾರುತ್ತದೆ! ಅಲ್ಲಿ ಎರಡು ಗೆರೆ ಎಳೆದೆ. ನಮ್ಮ ಕರ್ನಾಟಕ ಸಂಗೀತದಲ್ಲಿ ಆಧಾರ ಷಡ್ಜ ಹಾಡಿನ ನಡುವೆ ಹೀಗೆ ಜಾಗ ಬಿಡುವುದಿಲ್ಲ. ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ಕಲಿತ ಕಿವಿಗೆ ಇಲ್ಲಿ ಕಾಲಡಿಯ ನೆಲವೇ ಸರಿದ ಹಾಗಾಗುತ್ತದೆ. ಸುಮ್ನೆ ಸ್ವರ ಬಾಯಿಪಾಠ ಮಾಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಬಹುಪಾಲು ನಾಲ್ಕೂ ದನಿ (ಹೆಂಗಸರದ್ದು ಎರಡು, ಗಂಡಸರದ್ದು ಎರಡು) ಒಟ್ಟಿಗೇ ನಡೆಯುತ್ತವೆ. ಕೊನೆಯ ಸಾಲಿನಲ್ಲಿ ಮಾತ್ರ ಹೆಂಗಸರು ಮೊದಲು, ಗಂಡಸರು ಅವರ ಹಿಂದೆಯೇ. ಎಣಿಕೆ ತಪ್ಪೋದು ಅಲ್ಲೇ, ನಮ್ಮ ಟೆನರ್ (ಗಂಡಸರ ಎತ್ತರದ ದನಿ) ಸಾಲಿನಿಂದಲೇ. ಅಲ್ವಾ ಟೆನರ್‌ಗಳೇ?