ತೂಕ ಸರಿಯಾಗೇ ಇದೆಯಲ್ಲ, ಮತ್ತೆ ಸ್ನಾಯು ಅಳೆಯೋದು ಯಾಕೆ?

ವಯಸ್ಸಾದವರಿಗೆ ದೊಡ್ಡ ಆಪರೇಷನ್ ಅಂತ ಗೊತ್ತಾದಾಗ ಮನೆಯವರು ಫಿಸಿಯೋಥೆರಪಿಸ್ಟ್ ಆದ ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇದನ್ನೇ. "ಅಪ್ಪನ ತೂಕ ಸರಿಯಾಗೇ ಇದೆ, ಬಿಪಿ, ಶುಗರ್ ಕೂಡ ಪರವಾಗಿಲ್ಲ. ಈ ಸ್ನಾಯು, ಕೊಬ್ಬು ಅಳೆದರೆ ಆಪರೇಷನ್ ರಿಸ್ಕ್ ಗೊತ್ತಾಗುತ್ತಾ?"

ತಕ್ಕಮಟ್ಟಿಗೆ ಗೊತ್ತಾಗುತ್ತದೆ. ತೂಕದಿಂದ ತಿಳಿಯುವುದಕ್ಕಿಂತ ಜಾಸ್ತಿಯೇ ತಿಳಿಯುತ್ತದೆ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಆ ಜಾಗಕ್ಕೆ ಕೊಬ್ಬು ಬರುತ್ತದೆ, ಹಾಗಾಗಿ ನಲವತ್ತೈದರಲ್ಲಿ 70 ಕೆಜಿ ಇದ್ದವರು ಎಪ್ಪತ್ತೈದರಲ್ಲೂ 70 ಕೆಜಿಯೇ ಇರಬಹುದು, ಒಳಗಿನ ಲೆಕ್ಕ ಮಾತ್ರ ಪೂರ್ತಿ ಬದಲಾಗಿರುತ್ತದೆ. ಕಾಲು ಊದಿಕೊಂಡಿದ್ದರೆ ಆ ನೀರೂ ತೂಕಕ್ಕೆ ಸೇರುತ್ತದೆ. ಸ್ನಾಯು, ಶಕ್ತಿ ಎರಡೂ ಹೀಗೆ ಕಡಿಮೆಯಾಗುವುದಕ್ಕೆ ಡಾಕ್ಟರುಗಳು ಸಾರ್ಕೋಪೀನಿಯಾ ಅನ್ನುತ್ತಾರೆ.

ಆಪರೇಷನ್ನಿಗೂ ಸ್ನಾಯುವಿಗೂ ಏನು ಸಂಬಂಧ ಅಂತೀರಾ? ಗಾಯ ಮಾಯಲು, ಸೋಂಕಿನ ವಿರುದ್ಧ ಹೋರಾಡಲು ಪ್ರೋಟೀನ್ ಬೇಕು. ಊಟ ಸರಿಯಾಗಿ ಸೇರದ ಆ ದಿನಗಳಲ್ಲಿ ದೇಹ ಅದನ್ನು ಸ್ನಾಯುವಿನಿಂದಲೇ ತೆಗೆದುಕೊಳ್ಳುತ್ತದೆ. ಸ್ನಾಯು ಅಂದರೆ ದೇಹದ ಇಡುಗಂಟು. ಇನ್ನೊಂದು ವಿಷಯ, ಕೆಮ್ಮುವುದೂ ಸ್ನಾಯುವಿನ ಕೆಲಸವೇ ಅಲ್ವಾ? ಜೋರಾಗಿ ಕೆಮ್ಮಲು ಆಗದಿದ್ದರೆ ಕಫ ಎದೆಯಲ್ಲೇ ಉಳಿದು ನ್ಯುಮೋನಿಯಾ ಆಗುವ ಭಯ.

ಅಳೆಯುವ ದಾರಿ ಹಲವು. ಹೊಟ್ಟೆಯ ಕ್ಯಾನ್ಸರಿನಂಥ ಕಾಯಿಲೆಗೆ ಹೇಗೂ ಸಿಟಿ ಸ್ಕ್ಯಾನ್ ಆಗಿರುತ್ತದೆ. ಅದರಲ್ಲೇ ಬೆನ್ನುಮೂಳೆಯ ಸೊಂಟದ ಭಾಗದ ಮೂರನೇ ಮಣಿಯ ಮಟ್ಟದ ಒಂದು ಚಿತ್ರ ತೆಗೆದುಕೊಂಡು ಸ್ನಾಯು ಎಷ್ಟು ಚದರ ಸೆಂಟಿಮೀಟರ್ ಇದೆ ಎಂದು ನೋಡಿ, ಮೀಟರಿನಲ್ಲಿರುವ ಎತ್ತರವನ್ನು ಅದರಿಂದಲೇ ಗುಣಿಸಿ ಬಂದ ಸಂಖ್ಯೆಯಿಂದ ಭಾಗಿಸುತ್ತಾರೆ. ಸ್ನಾಯುವಿನೊಳಗೆ ಕೊಬ್ಬು ಸೇರಿದ್ದರೆ ಅದು ಮಾಮೂಲಿಗಿಂತ ಕಪ್ಪಾಗಿ ಕಾಣುತ್ತದೆ, ಇದೂ ಒಳ್ಳೆಯ ಲಕ್ಷಣವಲ್ಲ. ಮೇಲೆ ನಿಂತರೆ ಕೊಬ್ಬಿನ ಪ್ರಮಾಣ ತೋರಿಸುವ ಮೆಷಿನ್ ಇದೆಯಲ್ಲ, ಅದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮೈಯಲ್ಲಿ ನೀರು ಹೆಚ್ಚುಕಡಿಮೆ ಆದರೆ ಅದರ ಲೆಕ್ಕವೂ ಏರುಪೇರು.

ನನಗಿಷ್ಟ ಕುರ್ಚಿ ಪರೀಕ್ಷೆ. ಎದೆಯ ಮೇಲೆ ಕೈ ಕಟ್ಟಿಕೊಂಡು ಐದು ಸಲ ಎದ್ದು ಕೂರಬೇಕು, ಅಷ್ಟೇ. ಕೆಲವರಿಗೆ ಮೂರನೇ ಸಲಕ್ಕೇ ಮೈ ಮುಂದಕ್ಕೆ ಬಾಗಿ, ಕಟ್ಟಿದ ಕೈ ತಾನಾಗಿ ಬಿಚ್ಚಿ ತೊಡೆಗೆ ಊರುತ್ತದೆ. ಏಷ್ಯಾದವರಿಗೆಂದು 2019ರಲ್ಲಿ ಮಾಡಿದ ಮಾನದಂಡದ ಪ್ರಕಾರ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಎಚ್ಚರವಾಗಬೇಕು. ಹಿಡಿ ಒತ್ತಿ ಅಳೆಯುವ ಸಾಧನದಲ್ಲಿ ಕೈ ಹಿಡಿತದ ಬಲ ಗಂಡಸರಲ್ಲಿ 28, ಹೆಂಗಸರಲ್ಲಿ 18 ಕೆಜಿಗಿಂತ ಕಡಿಮೆ ಇದ್ದರೂ ಅಷ್ಟೇ. ಸ್ನಾಯು ಎಷ್ಟಿದೆ ಅನ್ನುವುದು ಇದರಲ್ಲಿ ತಿಳಿಯುವುದಿಲ್ಲ, ಆದರೆ ಅದು ಕೆಲಸ ಮಾಡುತ್ತದಾ ಅನ್ನುವುದು ತಿಳಿಯುತ್ತದೆ.

ಹಾಗಂತ ನಂಬರ್ ಕಡಿಮೆ ಬಂತು ಅಂತ ಸುಮ್ನೆ ಆಪರೇಷನ್ನೇ ಬೇಡ ಅನ್ನಬೇಡಿ. ಮಾಡಿಸದೇ ಇರುವುದರಲ್ಲೂ ರಿಸ್ಕ್ ಇದೆ. ಕೆಲವು ವಾರ ಸಮಯವಿದ್ದರೆ ಶಕ್ತಿ ಕೂಡುವ ವ್ಯಾಯಾಮ, ನಡಿಗೆ, ಉಸಿರಾಟದ ಅಭ್ಯಾಸ ಶುರುಮಾಡಿಸಿ. ಪ್ರೋಟೀನ್ ಜಾಸ್ತಿ ಮಾಡಿ, ಕಿಡ್ನಿ ತೊಂದರೆ ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ. ತುರ್ತು ಆಪರೇಷನ್ನಿಗೆ ಇದಕ್ಕೆಲ್ಲ ಪುರುಸೊತ್ತಿರುವುದಿಲ್ಲ. ಆಗ ಐಸಿಯು ಬೇಕಾಗಬಹುದಾ, ಹಾಸಿಗೆಯಿಂದ ಯಾವಾಗ ಎಬ್ಬಿಸುತ್ತೀರಿ, ಮನೆಗೆ ಬಂದಮೇಲೆ ಎಷ್ಟು ದಿನ ಜೊತೆಗೆ ಒಬ್ಬರು ಇರಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ.