ಟಣ್ ಅಂದ ಸೂಪ್

ಅಡುಗೆ ಪುಸ್ತಕಕ್ಕೆ ನಾನು ಫೋಟೊ ತೆಗೆದ ಶೂಟ್ ಮುಗಿದು ತಿಂಗಳುಗಳೇ ಆದವು. ಆದರೂ ಬಟ್ಟಲಿಗೆ ಚಮಚ ತಾಗಿದ ಸದ್ದು ಕೇಳಿದರೆ ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅವತ್ತು ಶಾಟ್ ಲಿಸ್ಟಿನಲ್ಲಿ 12 ಅಡುಗೆ. ಎಂಟಕ್ಕಿಂತ ಹೆಚ್ಚು ಬೇಡ ಎಂದು ಗೋಗರೆದಿದ್ದೆ. ಎಕ್ಸೆಲ್‌ನಲ್ಲಿ ಸಾಲು ಸೇರಿಸುವವರಿಗೆ ಒಲೆಯ ಬಿಸಿ ತಾಗುವುದಿಲ್ಲವಲ್ಲ! ಒಂಬತ್ತನೆಯದು ಕ್ರೀಮ್ ಹಾಕಿದ ತರಕಾರಿ ಸೂಪ್.

ಸೂಪ್ ಉಳಿಸೋಣ ಎಂದು ಡಮ್ಮಿ ಬಟ್ಟಲಿಗೆ, ಅಂದರೆ ಅಸಲಿಯ ಬದಲು ಇಡುವ ನಕಲಿಗೆ, ಟಿಶ್ಯೂ ತುರುಕಿ ಲೈಟ್ ಹೊಂದಿಸಿದೆ. 45 ಡಿಗ್ರಿ ಕೋನ, ಹಿಂದಿನಿಂದ ಕಿಟಕಿ ಬೆಳಕು. ಕ್ಯಾಮೆರಾಗೆ ಕೇಬಲ್‌ನಿಂದ ಜೋಡಿಸಿದ ಟೆದರ್ ಪರದೆಯಲ್ಲಿ ಎಲ್ಲ ಸೊಗಸಾಗಿತ್ತು.

“ಸರ್, ಡಮ್ಮಿಗೆ ಒಂದ್ಸಲ ನೀರಾದ್ರೂ ಹಾಕಿ ನೋಡೋಣ್ವಾ?” ಎಂದಳು ಅಡುಗೆಯನ್ನು ಫೋಟೊಗೆ ಅಣಿಮಾಡುವ ಸ್ಟೈಲಿಸ್ಟ್.

“ಟೈಮಿಲ್ಲಮ್ಮ, ಹೀರೊ ತಾ.”

ಹೀರೊ, ಅಂದರೆ ಫೋಟೊಗೆ ನಿಲ್ಲುವ ಅಸಲಿ ಸೂಪ್, ಬಂತು. ಟಿಶ್ಯೂಗೆ ಹೊಳಪಿಲ್ಲ, ಸೂಪಿಗೆ ಇದೆ. ಇಡೀ ಕಿಟಕಿ ಬಟ್ಟಲೊಳಗೆ ಬಂದು ಮಲಗಿತು! ಲೆನ್ಸಿನ ಮೇಲಿನ, ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ತಿರುಗಿಸಿದೆ, ಹೊಳಪೆಲ್ಲ ಹೋಗಿ ಸೂಪ್ ಗೋಡೆಗೆ ಬಳಿಯುವ ಸುಣ್ಣದಂತೆ ಕಂಡಿತು. ಅರ್ಧ ತಿರುಗಿಸಿ, ಕಿಟಕಿಯ ಪ್ರತಿಬಿಂಬ ತಡೆಯಲು ಕಪ್ಪು ಕಾರ್ಡ್ ಹಿಡಿಸಿದೆ, ಎಡಕ್ಕೆ, ಇನ್ನೂ ಎಡಕ್ಕೆ. ಅಷ್ಟರಲ್ಲಿ ಟೆದರ್ ಕೇಬಲ್ ಕಳಚಿತು. ಅದು ಯಾವಾಗಲೂ ಇಂಥ ಹೊತ್ತಿಗೇ ಕಳಚುವುದು. ಬೆಳಕು ಸರಿಹೋದಾಗ ಏಳು ನಿಮಿಷ ಕಳೆದಿತ್ತು. ಸೂಪಿನ ಮೇಲೆ ಸುಕ್ಕುಸುಕ್ಕು ಕೆನೆ, ಮೇಲಿಟ್ಟ ಸೊಪ್ಪು ಬಾಡಿ ಕಪ್ಪಾಗಿತ್ತು, ಕ್ಯಾರೆಟ್ ಒಂದೂ ಬಿಡದೆ ತಳ ಸೇರಿತ್ತು. ಬಿಸಿ ಮಾಡಿಸಿದೆ, ಕ್ರೀಮ್ ಒಡೆಯಿತು. ಪಾತ್ರೆಯಲ್ಲಿ ಇನ್ನುಳಿದದ್ದು ಒಂದು ಸೌಟು.

ಆಗ ನನ್ನ ಬುದ್ಧಿವಂತಿಕೆ ಕೆಲಸ ಮಾಡಿತು. ಬಟ್ಟಲೊಳಗೆ ಪುಟ್ಟ ಬಟ್ಟಲೊಂದನ್ನು ಬೋರಲು ಹಾಕಿ, ಉಳಿದ ಸೂಪನ್ನು ಅದರ ಮೇಲೆ ಸುರಿಸಿ, ತರಕಾರಿಯನ್ನು ಚಿಮಟದಲ್ಲಿ ಜೋಡಿಸಿದೆವು. ಎರಡೇ ನಿಮಿಷ. ಅಷ್ಟು ಚೆಂದದ ಫ್ರೇಮ್ ಅವತ್ತು ಇನ್ನೊಂದು ಸಿಕ್ಕಿರಲಿಲ್ಲ.

ಪುಸ್ತಕ ಬರೆದ ಮೇಡಂ ಬಂದರು. ಪರದೆ ನೋಡಿದರು, ಬಟ್ಟಲು ನೋಡಿದರು, ಚಮಚ ಎತ್ತಿಕೊಂಡರು. ನಾನು ಬೇಡ ಎನ್ನುವಷ್ಟರಲ್ಲಿ ಟಣ್!

“ನನ್ನ ಸೂಪಿಗೆ ಇಷ್ಟು ಬೇಗ ತಳ ಸಿಕ್ತಾ?”

ಇದೆಲ್ಲ ಹಳೇ ವಿದ್ಯೆ ಮೇಡಂ ಎಂದು ಹಲ್ಲು ಕಿರಿದೆ. ಹಳೆಯದೇನೋ ಹೌದು. ಕ್ಯಾಂಬೆಲ್ ಸೂಪ್ ಜಾಹೀರಾತಿನಲ್ಲಿ ತರಕಾರಿ ಮೇಲೆ ಕಾಣಲೆಂದು ತಳಕ್ಕೆ ಗಾಜಿನ ಗೋಲಿ ಹಾಕಿ, ಮೋಸದ ಜಾಹೀರಾತು ತಡೆಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೈಗೆ ಸಿಕ್ಕಿಬಿದ್ದದ್ದು 1970ರ ಹೊತ್ತಿನ ಕಥೆ. ಆ ಅರ್ಧ ಭಾಗವನ್ನು ನಾನು ಹೇಳಲಿಲ್ಲ.

“ಪುಸ್ತಕ ನೋಡ್ಕೊಂಡು ಮಾಡಿದವರಿಗೆ ತರಕಾರಿ ತೇಲದಿದ್ರೆ ಬೈಯೋದು ನನ್ನನ್ನ, ನಿಮ್ಮನ್ನಲ್ಲ” ಎಂದಷ್ಟೇ ಹೇಳಿ ಅವರು ಹೊರಟುಹೋದರು. ಕೂಗಾಡಿದ್ದರೆ ವಾಸಿಯಿತ್ತು.

ಮರುದಿನ ಮತ್ತೆ ಸೂಪ್. ಈ ಸಲ ಡಮ್ಮಿಯಲ್ಲೂ ಅದೇ ಸೂಪ್. ಕಾರ್ಡ್, ಫೋಕಸ್ ಎಲ್ಲ ಅದರ ಮೇಲೇ ಲಾಕ್. ಹೀರೊಗೆ ಸ್ಟೈಲಿಸ್ಟ್ ಅಗಲವಾದ, ಆಳವಿಲ್ಲದ ತಟ್ಟೆ ತಂದಳು. ತರಕಾರಿ ತಳದಲ್ಲಿ ಕೂತರೂ ತಲೆ ಹೊರಗೇ. ಮೂರನೇ ಕ್ಲಿಕ್ಕಿಗೆ ಓಕೆ ಆಯಿತು.

“ಇಂಥ ತಟ್ಟೆ ಇತ್ತೇನಮ್ಮ ನಮ್ಮ ಹತ್ರ?”

“ನಿನ್ನೆ ಬೆಳಿಗ್ಗೆಯಿಂದ ಪ್ರಾಪ್ ಟೇಬಲ್ ಮೇಲೇ ಇತ್ತು ಸರ್. ನಿಮ್ಮ ಟಿಶ್ಯೂ ಡಬ್ಬ ಅದರ ಮೇಲೇ ಇಟ್ಟಿದ್ರಿ.”