ಲೀಮರ್ ಕಚ್ಚಿದ ದಿನ

ಕಳೆದ ಬೇಸಿಗೆಯಲ್ಲಿ ಅಮ್ಮ ಶಿವಮೊಗ್ಗದಿಂದ ಇಂಗ್ಲೆಂಡಿಗೆ ಬಂದಿದ್ದರು. ಮಕ್ಕಳನ್ನೂ ಕಟ್ಟಿಕೊಂಡು ಒಂದು ಝೂಗೆ ಹೋದೆವು. ಅಲ್ಲಿ ಲೀಮರ್‌ಗಳ (ನೋಡಲು ಕೋತಿಯ ಹಾಗಿರುವ ಉದ್ದ ಬಾಲದ ಪ್ರಾಣಿ) ನಡುವೆಯೇ ಓಡಾಡಬಹುದು, ಬಲೆ ಗಿಲೆ ಏನೂ ಇಲ್ಲ. ತಿಂಡಿ ತರಬೇಡಿ ಅಂತ ಬೋರ್ಡ್ ಹಾಕಿದ್ದರು. ನನ್ನ ಜೇಬಿನಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಚರಚರ ಅಂದಿದ್ದೇ ತಡ, ಒಂದು ಲೀಮರ್ ಹಾರಿ ಬಂದು ಬೆರಳು ಕಚ್ಚಿತು. ತಪ್ಪು ನನ್ನದೇ ಬಿಡಿ.

ರಕ್ತ ಬಂದಿದ್ದು ನಾಲ್ಕೇ ಹನಿ. ಅಮ್ಮ ಮಾತ್ರ "ಅಯ್ಯೋ, ಕೋತಿ ಕಚ್ತಲ್ಲೋ! ಮೊದಲು ಇಂಜೆಕ್ಷನ್ ಹಾಕಿಸ್ಕೋ" ಅಂತ ಶುರು ಮಾಡಿದರು. ಈ ದೇಶದಲ್ಲಿ ಕೆಲವು ಬಾವಲಿಗಳನ್ನು ಬಿಟ್ಟರೆ ಬೇರೆ ಪ್ರಾಣಿಗಳಲ್ಲಿ ರೇಬಿಸ್ ಇಲ್ಲಮ್ಮ ಅಂದೆ. ನಂಬಲಿಲ್ಲ.

ಅಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವ ಕೀಪರ್ ಹುಡುಗಿ ಸೋಪು ಹಾಕಿ ಗಾಯ ತೊಳೆದಳು. ಪ್ಲಾಸ್ಟರ್ ಅಂಟಿಸಿದಳು. ಟೆಟನಸ್ ಇಂಜೆಕ್ಷನ್ ಯಾವಾಗ ಆಗಿದೆ ಅಂತ ಕೇಳಿದಳು. ಆಮೇಲೆ ಆಕ್ಸಿಡೆಂಟ್ ಬುಕ್ ತೆಗೆದಳು. ಹೆಸರು, ವಿಳಾಸ, ಎಷ್ಟು ಗಂಟೆಗೆ, ಎಲ್ಲಿ, ಹೇಗೆ, ಎಲ್ಲ ಬರೆದು, ಆ ಹಾಳೆ ಹರಿದು ಬೇರೆ ಕಡೆ ಇಟ್ಟಳು. ಮುಂದೆ ಕಚ್ಚಿಸಿಕೊಳ್ಳುವವರು ನನ್ನ ಕಥೆ ಓದಬಾರದಲ್ವಾ!

"ಇದು ಸರ್ಕಾರಕ್ಕೆ ಹೋಗುತ್ತಾ?" ಅಂದೆ. "ನೀವು ಇಲ್ಲಿಂದ ನೇರ ಆಸ್ಪತ್ರೆಗೆ ಹೋಗ್ತೀರಾ?" ಅಂತ ನಗುತ್ತಾ ತಿರುಗಿ ಕೇಳಿದಳು.

ಅವಳು ತಮಾಷೆ ಮಾಡಿದ್ದಲ್ಲ ಅಂತ ಮನೆಗೆ ಬಂದು ಓದಿದ ಮೇಲೆ ಗೊತ್ತಾಯಿತು. ಇಲ್ಲಿ ರಿಡ್ಡರ್ ಅನ್ನೋ ನಿಯಮ ಇದೆ, ಈಗಿರುವುದು 2013ರದ್ದು. ಕೆಲಸದ ಜಾಗದಲ್ಲಿ ಆದ ಗಾಯವನ್ನು ಯಾವಾಗ ಸರ್ಕಾರಕ್ಕೆ ತಿಳಿಸಬೇಕು ಅಂತ ಅದು ಹೇಳುತ್ತೆ. ಝೂ ಕೂಡ ಕೆಲಸದ ಜಾಗವೇ. ಟಿಕೆಟ್ ಕೊಂಡು ಬಂದ ನನ್ನಂಥವರನ್ನು ಅಲ್ಲಿಂದಲೇ ಚಿಕಿತ್ಸೆಗೆ ಆಸ್ಪತ್ರೆಗೆ ಒಯ್ದರೆ ತಿಳಿಸಲೇಬೇಕು. ಸುಮ್ನೆ ಪರೀಕ್ಷೆ ಮಾಡಿ ಕಳಿಸಿದರೆ ಅದು ಲೆಕ್ಕಕ್ಕಿಲ್ಲ. ರಾತ್ರಿ ಬೆರಳು ಊದಿಕೊಂಡು ಮನೆಯಿಂದ ನಾನೇ ಹೋದರೂ ಇಲ್ಲ.

ಕೀಪರ್‌ಗೇ ಕಚ್ಚಿದ್ದರೆ ಲೆಕ್ಕ ಬೇರೆ. ಗಾಯ ಆದ ದಿನ ಬಿಟ್ಟು ಏಳು ದಿನಕ್ಕಿಂತ ಜಾಸ್ತಿ ತನ್ನ ಮಾಮೂಲಿ ಕೆಲಸ ಮಾಡಲು ಆಗದಿದ್ದರೆ 15 ದಿನದೊಳಗೆ ವರದಿ ಹೋಗಬೇಕು. ಕೈ ಮುರಿದರೆ ಅಷ್ಟು ದಿನ ಕಾಯುವ ಹಾಗೂ ಇಲ್ಲ, ಕೂಡಲೇ ತಿಳಿಸಬೇಕು. ಆದರೆ ಬೆರಳಿನ ಮೂಳೆ ಮುರಿದರೆ, ಹಾಗೆ ಕೂಡಲೇ ತಿಳಿಸಬೇಕಾದ ಗಾಯಗಳ ಪಟ್ಟಿಗೆ ಸೇರಲ್ಲ. ಬೆರಳೇ ತುಂಡಾದರೆ ಸೇರುತ್ತೆ! ಇದನ್ನು ಬರೆದವರು ಎಷ್ಟು ಹೊತ್ತು ಕೂತು ಯೋಚಿಸಿರಬೇಕು.

ನನಗೆ ವಿಚಿತ್ರ ಅನಿಸಿದ್ದು ಇನ್ನೊಂದು. ಇಲ್ಲಿ ಕೌನ್ಸಿಲ್ (ನಮ್ಮ ನಗರಸಭೆ ಇದ್ದ ಹಾಗೆ) ಕೊಡುವ ಲೈಸೆನ್ಸ್ ಇದ್ದರೆ ಮನೆಯಲ್ಲೇ ಹುಲಿ ಸಾಕಬಹುದು. ಅದಕ್ಕೆ 1976ರ ಕಾಯ್ದೆ ಇದೆ, ವಿಮೆ ಕಡ್ಡಾಯ. ಅದಕ್ಕೂ ಮುಂಚೆ, 1969ರಲ್ಲಿ, ಲಂಡನ್ನಿನ ಹ್ಯಾರಡ್ಸ್ ಅಂಗಡಿಯಲ್ಲಿ ಸಿಂಹದ ಮರಿಯನ್ನೇ ಮಾರಿದ್ದರು. ಆದರೆ ಹಾಗೆ ಸಾಕಿದ ಹುಲಿ ಊಟಕ್ಕೆ ಬಂದ ನೆಂಟರನ್ನು ಕಚ್ಚಿದರೆ ರಿಡ್ಡರ್ ಲೆಕ್ಕಕ್ಕೆ ಬರಲ್ಲ. ಅದು ಕೆಲಸದ ಜಾಗ ಅಲ್ಲವಲ್ಲ.

ಅಮ್ಮ ಊರಿಗೆ ಮರಳಿದ ಮೇಲೆ ಬೀದಿಗೆಲ್ಲ ಇದೇ ಸುದ್ದಿ ಹೇಳುತ್ತಿದ್ದಾರಂತೆ: "ನಮ್ಮ ಹುಡುಗನಿಗೆ ಲಂಡನ್ ಕೋತಿ ಕಚ್ತು ಕಣ್ರೀ. ಇಂಜೆಕ್ಷನ್ ಇಲ್ಲ, ಏನಿಲ್ಲ. ಹೆಸರು ಬರ್ಕೊಂಡು ಕಳಿಸಿದ್ರು!"

ನಾವಿರುವುದು ಲಂಡನ್ನಿನಲ್ಲೂ ಅಲ್ಲ.